ಕೂಸಿನ ಹೊಟ್ಟೆ ಕೆಟ್ಟಾಗ ಲೋಟ ಬಿಡಿ, ಚಮಚ ಹಿಡಿಯಿರಿ

ವಿಜಯಪುರದಲ್ಲಿ ಬಿಸಿಲು ಏರಿತೆಂದರೆ ನಮ್ಮ ಓಣಿಯಲ್ಲಿ ಯಾವುದಾದರೂ ಮನೆಯ ಕೂಸಿಗೆ ವಾಂತಿ-ಭೇದಿ ಶುರುವಾಗುತ್ತದೆ. ಆಮೇಲೆ ನಡೆಯುವುದು ಎಲ್ಲ ಮನೆಯಲ್ಲೂ ಒಂದೇ ಥರ. ಬಾಯಾರಿದ ಕೂಸು ನೀರಿಗೆ ಹಟ ಹಿಡಿಯುತ್ತದೆ. ಪಾಪ ಅಂತ ಅವ್ವ ಲೋಟ ತುಂಬ ಕೊಡುತ್ತಾಳೆ. ಗಟಗಟ ಕುಡಿದ ಐದು ನಿಮಿಷಕ್ಕೆ ಎಲ್ಲ ಹೊರಗೆ. ‘ಏನ್ ಕೊಟ್ರೂ ಹೊಟ್ಟ್ಯಾಗ ನಿಲ್ಲವಲ್ದ್ರೀ’ ಅಂತ ದವಾಖಾನೆಗೆ ಓಟ, ‘ಒಂದ್ ಸಲೈನ್ ಹಚ್ಚಿಬಿಡ್ರಿ’ ಅಂತ ದುಂಬಾಲು. ಸಲೈನ್ ಬೇಕೇ ಬೇಕಾಗುವ ಮಕ್ಕಳೂ ಇರುತ್ತಾರೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಬಹಳಷ್ಟು ಸಲ ಕೆಲಸ ಕೆಡಿಸುವುದು ಆ ಒಂದು ಲೋಟವೇ.

ಇಲ್ಲಿರುವುದು ವರ್ಷ ದಾಟಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕದಾದರೆ ಮೊದಲು ಡಾಕ್ಟರಿಗೆ ತೋರಿಸಿ.

1. ಒಆರ್‌ಎಸ್ ಕಲಸುವುದು

ಚಮಚದಲ್ಲಿ ಕುಡಿಸಬೇಕಾದದ್ದು ಒಆರ್‌ಎಸ್, ಅಂದರೆ ನೀರಿಗೆ ಕಲಸಿ ಕೊಡುವ ಉಪ್ಪು-ಸಕ್ಕರೆಯ ಪುಡಿ. ಪಾಕೀಟಿನ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ, ಮೊದಲು ಅದನ್ನು ಓದಿ. ದೊಡ್ಡದು ಸಾಮಾನ್ಯವಾಗಿ 1 ಲೀಟರಿಗೆ, ಸಣ್ಣದು 200 ಮಿಲಿಗೆ. ದೊಡ್ಡ ಪಾಕೀಟನ್ನು ಒಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ಬೇಡ. ನೀರು ಕಡಿಮೆಯಾದರೆ ಉಪ್ಪು ಜಾಸ್ತಿಯಾಗಿ ಕೂಸಿಗೆ ತೊಂದರೆ, ನೀರು ಜಾಸ್ತಿಯಾದರೆ ಉಪಯೋಗವಿಲ್ಲ. ಇದರಲ್ಲಿ ಸಕ್ಕರೆ ಇರುವುದು ರುಚಿಗಲ್ಲ. ಸಕ್ಕರೆಯ ಜೊತೆಗೇ ಉಪ್ಪು ಕರುಳಿನೊಳಗೆ ಹೋಗುತ್ತದೆ, ಉಪ್ಪಿನ ಬೆನ್ನಿಗೆ ನೀರು. ಅಳತೆ ತಪ್ಪಿದರೆ ಈ ಕೆಲಸವೇ ನಡೆಯುವುದಿಲ್ಲ.

ತಂಬಿಗೆಯಲ್ಲಿ ಅಳೆಯಬೇಡಿ, ಒಂದೊಂದು ಮನೆಯ ತಂಬಿಗೆ ಒಂದೊಂದು ಗಾತ್ರ. ಬಸ್ ಸ್ಟ್ಯಾಂಡಿನಲ್ಲಿ ಕೊಂಡ 1 ಲೀಟರ್ ನೀರಿನ ಬಾಟಲಿ ಇರುತ್ತದಲ್ಲ, ತೊಳೆದಿಟ್ಟುಕೊಂಡು ಅದರಲ್ಲಿ ಅಳೆಯಿರಿ. ನೀರು ಕುದಿಸಿ, ಪೂರ್ತಿ ಆರಿದ ಮೇಲೆ ಪುಡಿ ಹಾಕಿ. ಕಲಸಿದ್ದನ್ನು ಮತ್ತೆ ಕುದಿಸಬಾರದು. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ, ಹೊಸದು ಮಾಡಿ.

ಪಾಕೀಟು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆಗುತ್ತದೆ. ರಾತ್ರಿ ಎಲ್ಲೂ ಸಿಗದಿದ್ದರೆ 1 ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ಇದು ಬೆಳಗಾಗುವವರೆಗೆ ಸಾಕು.

ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳನ್ನು ಒಆರ್‌ಎಸ್ ಅಂತ ತರಬೇಡಿ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ. 2025ರ ಅಕ್ಟೋಬರಿನಲ್ಲಿ, ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ, ಇಂಥ ಪಾನೀಯಗಳ ಹೆಸರಿನಲ್ಲಿ ‘ಒಆರ್‌ಎಸ್’ ಅಂತ ಹಾಕುವ ಹಾಗಿಲ್ಲ ಎಂದು ಆದೇಶ ಮಾಡಿತು. ಡಬ್ಬದ ಗ್ಲುಕೋಸ್ ಪುಡಿ, ಸೋಡಾ, ಬಿಸ್ಕೀಟು ಅದ್ದಿದ ಚಹಾ ಇವೂ ಬೇಡ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಬೇಕಾದಷ್ಟು ಉಪ್ಪಿನಂಶ ಇಲ್ಲ. ಒಆರ್‌ಎಸ್ ಬಿಟ್ಟು ಅದನ್ನೇ ನಂಬಿ ಕೂರಬೇಡಿ.

2. ಕುಡಿಸುವುದು

ಎಲ್ಲರೂ ಎಡವುವುದು ಇಲ್ಲೇ. ಕೂಸು ವಾಂತಿ ಮಾಡಿತು ಅಂದುಕೊಳ್ಳಿ. ಬಾಯಿ ಒರೆಸಿ, ಬಟ್ಟೆ ಬದಲಿಸಿ, ಹತ್ತು ನಿಮಿಷ ಸುಮ್ನೆ ಎತ್ತಿಕೊಂಡು ಕೂತಿರಿ. ಅದು ಅತ್ತರೂ ಸರಿ, ಗಡಿಯಾರ ನೋಡಿ. ಆಮೇಲೆ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಒಂದು ಸಣ್ಣ ಚಮಚ, ಅಂದರೆ 5 ಮಿಲಿ. ಎರಡು-ಮೂರು ನಿಮಿಷ ತಡೆದು ಇನ್ನೊಂದು. ಮತ್ತೆ ತಡೆದು ಮತ್ತೊಂದು. ಮಲಗಿಸಿ ಬಾಯಿಗೆ ಸುರಿಯಬಾರದು, ಮೂಗು ಹಿಡಿದು ಕುಡಿಸುವುದಂತೂ ಬೇಡವೇ ಬೇಡ.

ಇಷ್ಟರಿಂದ ಏನಾಗುತ್ತದೆ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಎರಡು ನಿಮಿಷಕ್ಕೊಂದು ಚಮಚ ಅಂದರೆ ಗಂಟೆಗೆ 150 ಮಿಲಿ. ನಡುವೆ ಒಂದು ಸಲ ಕಕ್ಕಿದರೂ ಕುಡಿದದ್ದೆಲ್ಲ ಹೋಗುವುದಿಲ್ಲ. ಲೋಟ ಹಿಡಿದಾಗ ಹಾಗಲ್ಲ, ಒಂದೇ ವಾಂತಿಗೆ ಎಲ್ಲ ನೆಲದ ಪಾಲು.

ಅಜ್ಜಿಗೋ ಅಕ್ಕನಿಗೋ ಪಾಳಿ ಹಚ್ಚಿ. ಒಬ್ಬರೇ ಕೂತರೆ ಅರ್ಧ ಗಂಟೆಗೆ ಬೇಸರ ಬಂದು ಚಮಚ ಹೋಗಿ ಲೋಟ ಬರುತ್ತದೆ. ಚಮಚ ಕಂಡರೆ ಮುಖ ತಿರುಗಿಸುವ ಮಗುವಿಗೆ ಸೂಜಿ ಇಲ್ಲದ ಸಿರಿಂಜಿನಲ್ಲಿ ಗಲ್ಲದ ಒಳಬದಿಗೆ ನಿಧಾನವಾಗಿ ಬಿಡಿ. ವಾಂತಿ ನಿಂತು ಬರೀ ಭೇದಿ ಉಳಿದರೆ, ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ಅದನ್ನೂ ಗುಟುಕು ಗುಟುಕಾಗಿ.

ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸುವ ಮಾತೇ ಇಲ್ಲ.

3. ಊಟ

‘ಹೊಟ್ಟೆಗೆ ವಿಶ್ರಾಂತಿ’ ಅಂತ ಎರಡು ದಿನ ಉಪವಾಸ ಕೆಡವುವುದು ನಮ್ಮ ಕಡೆ ಇನ್ನೂ ಹೋಗಿಲ್ಲ. ವಾಂತಿ ಸ್ವಲ್ಪ ಹಿಡಿತಕ್ಕೆ ಬಂದ ಮೂರು-ನಾಲ್ಕು ಗಂಟೆಯಲ್ಲಿ ಉಣಿಸಲು ಶುರು ಮಾಡಿ. ಭೇದಿ ಪೂರ್ತಿ ನಿಲ್ಲಲಿ ಅಂತ ಕಾಯಬೇಡಿ.

ನನ್ನನ್ನು ಕೇಳಿದರೆ ಮೊದಲು ಅಕ್ಕಿ, ಹೆಸರುಬೇಳೆ. ಎರಡು ಪಾಲು ಅಕ್ಕಿಗೆ ಒಂದು ಪಾಲು ಬೇಳೆ, ಜಾಸ್ತಿ ನೀರು, ಬೆರಳಲ್ಲಿ ಒತ್ತಿದರೆ ಕರಗುವ ಹಾಗೆ ಬೇಯಿಸಿ, ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ. ಬರೀ ಅಕ್ಕಿ ಬಸಿದ ಗಂಜಿನೀರನ್ನೇ ದಿನವಿಡೀ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಹೊಟ್ಟೆ ತುಂಬಿದ ಹಾಗಾಗುತ್ತದೆ, ಶಕ್ತಿ ಬರುವುದಿಲ್ಲ. ಮೆತ್ತಗೆ ಕುದಿಸಿದ ಜೋಳದ ನುಚ್ಚಿಗೆ ತಾಜಾ ಮಜ್ಜಿಗೆ ಹಾಕಿದರೆ ಬಹಳ ಮಕ್ಕಳು ತಾವೇ ಬಾಯಿ ತೆರೆಯುತ್ತವೆ. ಮೊಸರನ್ನ, ಕಿವುಚಿದ ಬಾಳೆಹಣ್ಣು, ತಿಳಿ ಬೇಳೆ ಸಾರಿನಲ್ಲಿ ನೆನೆಸಿದ ಬಿಸಿ ರೊಟ್ಟಿಯ ಮಿದು ಭಾಗ, ಎಲ್ಲ ನಡೆಯುತ್ತದೆ. ಒಂದು ಸಲಕ್ಕೆ ನಾಲ್ಕು ತುತ್ತು, ದಿನಕ್ಕೆ ಆರು ಸಲ. ಖಾರ, ಕರಿದದ್ದು, ಬೇಕರಿ ತಿಂಡಿ ವಾರ ದೂರ ಇರಲಿ.

4. ಔಷಧ

ಭೇದಿ ನಿಲ್ಲಿಸಲು ದೊಡ್ಡವರು ನುಂಗುವ ಗುಳಿಗೆಯನ್ನು ಅರ್ಧ ಮಾಡಿ ಕೊಡಬೇಡಿ, ಮಕ್ಕಳಿಗೆ ಅದು ಅಪಾಯ. ಹೋದ ಸಲ ಉಳಿದ ಆಂಟಿಬಯೋಟಿಕ್ ಬಾಟಲಿ ತೆಗೆಯಬೇಡಿ. ಈ ಕಾಯಿಲೆ ಬಹುಪಾಲು ವೈರಸ್ಸಿನಿಂದ ಬರುತ್ತದೆ, ಅದಕ್ಕೆ ಆಂಟಿಬಯೋಟಿಕ್ ತಾಗುವುದಿಲ್ಲ. ‘ಹಲ್ಲು ಬರುವ ಜುಲಾಬು’ ಅಂತ ಸುಮ್ಮನೆ ಕೂರುವುದೂ ತಪ್ಪು.

5. ದವಾಖಾನೆಗೆ ಯಾವಾಗ?

ಭೇದಿಯಲ್ಲಿ ರಕ್ತ, ಹಸಿರು ವಾಂತಿ, ಇಳಿಯದ ಜ್ವರ, ಚಮಚದಲ್ಲಿ ಕೊಟ್ಟದ್ದೂ ಪ್ರತಿ ಸಲ ಹೊರಗೆ, ಆರು ಗಂಟೆ ಉಚ್ಚೆ ಇಲ್ಲ, ಗುಳಿ ಬಿದ್ದ ಕಣ್ಣು, ಅತ್ತರೆ ಕಣ್ಣೀರು ಇಲ್ಲ, ಎಬ್ಬಿಸಿದರೂ ಜೋಲು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ತಟ್ಟನೆ ಸಮನಾಗದೆ ಮಡಿಕೆ ನಿಧಾನಕ್ಕೆ ಇಳಿದರೆ ಮೈಯ ನೀರು ಹೋಗಿದೆ ಅಂತಲೇ ಲೆಕ್ಕ. ಇವುಗಳಲ್ಲಿ ಒಂದು ಕಂಡರೂ ದೃಷ್ಟಿ ತೆಗೆಯುತ್ತ ಕೂರದೆ ಹೊರಡಿ. ದಾರಿಯಲ್ಲೂ, ಎಚ್ಚರವಿದ್ದು ನುಂಗುವ ಮಗುವಿಗೆ ಚಮಚ ನಿಲ್ಲದಿರಲಿ.

6. ಭೇದಿ ನಿಂತ ಮೇಲೆ

ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ, ಕಳೆದುಕೊಂಡ ತೂಕ ಬರುತ್ತದೆ. ಒಆರ್‌ಎಸ್ ಜೊತೆ ಕೊಡುವ ಜಿಂಕ್ ಗುಳಿಗೆ ದಿನಕ್ಕೆ 20 ಮಿಲಿಗ್ರಾಂ, ಕುದಿಸಿ ಆರಿಸಿದ ನೀರನ್ನು ಚಮಚಕ್ಕೆ ಹಾಕಿ ಅದರಲ್ಲಿ ಕರಗಿಸಿ ಕೊಡುವಂಥದ್ದು. ಮೂರನೇ ದಿನ ಕೂಸು ಓಡಾಡತೊಡಗಿದ ಕೂಡಲೇ ಎಲ್ಲರೂ ಇದನ್ನು ಮರೆತುಬಿಡುತ್ತಾರೆ. ಹಾಗೆ ಬಿಡಬೇಡಿ, 14 ದಿನವೂ ಕೊಡಿ.