ಜಿಲ್ಲಾ ಕಬಡ್ಡಿ ತಂಡಕ್ಕೆ ಹುಡುಗರನ್ನು ಆರಿಸುವುದು ಹೇಗೆ?

ನಮ್ಮ ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಇದ್ದ. ಎಡ ಕಾರ್ನರ್, ಅಂದರೆ ಹಿಡಿಯುವವರ ಸಾಲಿನ ಎಡ ತುದಿಯಲ್ಲಿ ಆಡುತ್ತಿದ್ದ. ರೇಡರ್ (ಎದುರಿನ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು) ತಿರುಗುವ ಗಳಿಗೆ ನೋಡಿ ಕಾಲಿಗೆ ಕೈ ಹಾಕಿದನೆಂದರೆ ಬಿಡುತ್ತಲೇ ಇರಲಿಲ್ಲ. ಹಾನಗಲ್ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಅವನನ್ನು ಟ್ರಯಲ್ಸ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಅರವತ್ತು ಹುಡುಗರು. ಒಬ್ಬೊಬ್ಬರಿಗೆ ಎರಡೆರಡು ರೇಡ್, ಅಷ್ಟೇ. ಇವನು ರೇಡರ್ ಅಲ್ಲವೇ ಅಲ್ಲ. ಎರಡು ಸಲವೂ ಸಿಕ್ಕಿಬಿದ್ದ. ಸಂಜೆ ಮೈಕಿನಲ್ಲಿ ಹನ್ನೆರಡು ಹೆಸರು ಓದಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದ, “ನಾನೇನು ತಪ್ಪು ಮಾಡೀನ್ರಿ ಸರ್?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುವರ್ಷ ಅವನು ಟ್ರಯಲ್ಸ್‌ಗೆ ಬರಲಿಲ್ಲ.

ಆಮೇಲೆ ಆಯ್ಕೆಗೆ ಕೂರುವ ಸರದಿ ನನಗೇ ಬಂತು. ಹಾವೇರಿ ಜಿಲ್ಲೆಯಲ್ಲಿ ಆ ಕೆಲಸ ಮಾಡುತ್ತ ಕಲಿತದ್ದನ್ನು ನನ್ನಂಥ ಪಿ.ಟಿ. ಮಾಸ್ತರರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಮಾತು: ಟ್ರಯಲ್ಸ್ ದಿನ ಒಂದನ್ನೇ ನಂಬಬೇಡಿ. ತಾಲೂಕು ಪಂದ್ಯಗಳು ನಡೆಯುವಾಗಲೇ ಹೋಗಿ ಕೂತುಕೊಳ್ಳಿ. ಕೈಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇರಲಿ. ಹುಡುಗನ ಹೆಸರು, ಶಾಲೆ ಬರೆಯಬೇಡಿ. ಬನಿಯನ್ ಮೇಲಿನ ನಂಬರ್ ಮಾತ್ರ ಸಾಕು. ಶಾಲೆಯ ಹೆಸರು ಕಣ್ಣಿಗೆ ಬಿದ್ದರೆ ಮನಸ್ಸು ಅಲ್ಲೇ ವಾಲುತ್ತದೆ, ನನ್ನದೂ ವಾಲಿದೆ.

ರೇಡರ್‌ಗೆ ನಾಲ್ಕು ಕಾಲಂ ಹಾಕಿ: ಎಷ್ಟು ರೇಡ್, ಎಷ್ಟು ಟಚ್, ಎಷ್ಟು ಬೋನಸ್ (ಬೋನಸ್ ಗೆರೆ ದಾಟಿ ತಂದ ಪಾಯಿಂಟ್), ಎಷ್ಟು ಸಲ ಸಿಕ್ಕಿಬಿದ್ದ. ಒಬ್ಬ 20 ರೇಡ್ ಹೋಗಿ 8 ಪಾಯಿಂಟ್ ತಂದ, 9 ಸಲ ಸಿಕ್ಕಿಬಿದ್ದ ಅಂದುಕೊಳ್ಳಿ. ಇನ್ನೊಬ್ಬ 7 ರೇಡ್‌ನಲ್ಲಿ 5 ತಂದ, ಒಮ್ಮೆ ಮಾತ್ರ ಸಿಕ್ಕಿಬಿದ್ದ. ಜನ ಕೇಕೆ ಹಾಕುವುದು ಮೊದಲನೆಯವನಿಗೆ. ಆದರೆ ಅವನು ತಂದದ್ದಕ್ಕಿಂತ ಜಾಸ್ತಿ ಎದುರಿನವರಿಗೆ ಕೊಟ್ಟು ಬಂದಿದ್ದಾನೆ, ಅಲ್ವಾ? ಇದು ಬರೆದಿಟ್ಟಾಗಲೇ ಕಾಣುತ್ತದೆ.

ಹಿಡಿಯುವವರ ಲೆಕ್ಕ ಇನ್ನೂ ಮುಖ್ಯ, ಯಾಕೆಂದರೆ ಅದನ್ನು ಯಾರೂ ಇಡುವುದಿಲ್ಲ. ಎಷ್ಟು ಸಲ ಕೈ ಹಾಕಿದ, ಎಷ್ಟು ಕ್ಯಾಚ್ ಆಯಿತು, ನುಗ್ಗಬಾರದ ಹೊತ್ತಿಗೆ ನುಗ್ಗಿ ಎಷ್ಟು ಸಲ ಪಾಯಿಂಟ್ ಕೊಟ್ಟ, ಪಕ್ಕದವನು ಹಿಡಿದಾಗ ಓಡಿ ಬಂದು ಕೂಡಿಕೊಂಡನೋ ಇಲ್ಲವೋ. ಕೊನೆಯದನ್ನು ನಾನು ಸಣ್ಣ ಟಿಕ್ ಹಾಕಿ ಗುರುತು ಮಾಡುತ್ತೇನೆ. ಕವರ್ (ಕಾರ್ನರ್‌ಗಿಂತ ಒಳಗೆ, ನಡುವಿನ ಹತ್ತಿರದ ಜಾಗ) ಆಡುವ ಒಳ್ಳೆಯ ಹುಡುಗರು ನನಗೆ ಸಿಕ್ಕಿದ್ದೇ ಆ ಟಿಕ್‌ಗಳಿಂದ.

ಟ್ರಯಲ್ಸ್ ದಿನ ಮೊದಲು ಪ್ರತಿ ಹುಡುಗನನ್ನೂ ಕೇಳಿ: “ತಮ್ಮಾ, ನೀ ಎಲ್ಲಿ ಆಡ್ತಿ?” ಅವನ ಜಾಗದಲ್ಲೇ ಆಡಿಸಿ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಬೇಡಿ. ಹಿರೇಕೆರೂರು, ಹಾನಗಲ್ಲಿನ ಹಳ್ಳಿಗಳಿಂದ ಬರುವವರಿಗೆ ಬಸ್ ಸಿಗಬೇಕು, ಹೊಟ್ಟೆಗೆ ಏನಾದರೂ ಬೀಳಬೇಕು. ಮ್ಯಾಟ್ ಮೇಲೆ ಆಡಿಸುವುದಾದರೆ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರಿಗೆ ಅರ್ಧ ಗಂಟೆ ಅದರ ಮೇಲೆ ಸುಮ್ನೆ ಓಡಾಡಲು ಬಿಡಿ. ಹೊಸ ಮ್ಯಾಟ್ ಮೇಲೆ ಕಾಲು ತಡವರಿಸಿದ್ದನ್ನು ಹೆದರಿಕೆ ಅಂತ ಬರೆದುಕೊಳ್ಳುವವರನ್ನು ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಏಳು ಏಳು ಜನರ ತಂಡ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಕಲೆಸಿ. ಒಂದೇ ಶಾಲೆಯವರು ಕೂಡಿ ನಿಂತರೆ ಚೈನ್ ಹಿಡಿಯುವುದು, ಅಂದರೆ ಕೈ ಕೈ ಹಿಡಿದು ರೇಡರ್‌ನನ್ನು ಸುತ್ತುವುದು ಸಲೀಸು, ಒಬ್ಬೊಬ್ಬರ ಬಲ ಗೊತ್ತಾಗುವುದಿಲ್ಲ. ನಡುವೆ ಮೂರೇ ಜನರನ್ನು ಅಂಕಣದಲ್ಲಿ ಉಳಿಸಿ ಒಳ್ಳೆಯ ರೇಡರ್‌ನನ್ನು ಕಳಿಸಿ. ಆಗ ಯಾರು ಬಾಯಿಬಿಟ್ಟು ಮಾತಾಡುತ್ತಾರೆ, ಯಾರು ಹಿಂದಿನ ಗೆರೆಗೆ ಹೋಗಿ ಅಂಟಿಕೊಳ್ಳುತ್ತಾರೆ ನೋಡಿ.

ಮೈಕಟ್ಟಿನ ವಿಷಯದಲ್ಲಿ ನಾವು ಜಾಸ್ತಿ ಮೋಸ ಹೋಗುತ್ತೇವೆ. 13–14ರ ಹೊತ್ತಿಗೆ ಕೆಲವರು ಒಂದೇ ವರ್ಷದಲ್ಲಿ 8–10 ಸೆಂ.ಮೀ. ಬೆಳೆಯುತ್ತಾರೆ, ಕೆಲವರು ಇನ್ನೂ ಹಾಗೇ ಇರುತ್ತಾರೆ. ಒಂದೇ ವಯೋಮಿತಿಯಲ್ಲಿ ಕೆಲವು ತಿಂಗಳು ಮೊದಲು ಹುಟ್ಟಿದವರೇ ಹೆಚ್ಚು ಆಯ್ಕೆಯಾಗುತ್ತಾರೆ ಎಂಬುದನ್ನು ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿ 1985ರಲ್ಲೇ ತೋರಿಸಿದ್ದರು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಶಾಲೆಗೆ ಸೇರಿಸುವಾಗ ಎಷ್ಟೋ ಮಕ್ಕಳ ಹುಟ್ಟಿದ ದಿನ ಜೂನ್ 1 ಎಂದೇ ಬರೆಸಿರುತ್ತಾರೆ. ದಾಖಲೆ ನೋಡಿ ಬೆಳವಣಿಗೆ ಅಳೆಯಲು ಬರುವುದಿಲ್ಲ. ಅದಕ್ಕೆ ಹುಡುಗರ ತೂಕ ನೋಡಿ, ಎರಡು ಪಂದ್ಯಗಳನ್ನಾದರೂ ಸರಿಸಮ ತೂಕದವರ ನಡುವೆ ಆಡಿಸಿ. ಸಣ್ಣ ಹುಡುಗರ ಕಾಲಿನ ಚುರುಕು, ಸಮಯಪ್ರಜ್ಞೆ ಅಲ್ಲಿ ಎದ್ದು ಕಾಣುತ್ತದೆ.

ಆರಿಸುವವರು ಮೂವರು ಇರಲಿ. ಮೂವರೂ ಬೇರೆ ಬೇರೆ ಕೂತು ಬರೆಯಲಿ, ಆಮೇಲೆ ಹಾಳೆ ಕೂಡಿಸಿ. ತನ್ನ ಶಾಲೆಯ ಹುಡುಗ ಆಡುವಾಗ ಆ ಮಾಸ್ತರ ಪೆನ್ನು ಕೆಳಗಿಡಬೇಕು. “ನಮ್ಮ ಪೈಕಿ ಹುಡುಗ, ಸ್ವಲ್ಪ ನೋಡ್ರಿ” ಅಂತ ಫೋನ್ ಬಂದೇ ಬರುತ್ತದೆ. ಅಂಕಗಳ ಹಾಳೆಯನ್ನು ಅಂದೇ ಗೋಡೆಗೆ ಅಂಟಿಸುತ್ತೇವೆ ಎಂದು ಬೆಳಿಗ್ಗೆಯೇ ಎಲ್ಲರೆದುರು ಹೇಳಿಬಿಡಿ. ಫೋನ್ ಮಾಡಿದವರಿಗೂ ಅದನ್ನೇ ಹೇಳಿ.

ಮೈಕಿನಲ್ಲಿ ಹೆಸರು ಓದಿ ಮನೆಗೆ ಹೋಗಬೇಡಿ. ಹನ್ನೆರಡರಲ್ಲಿ ಬರದವರನ್ನು ಒಬ್ಬೊಬ್ಬರನ್ನಾಗಿ ಕರೆದು ಎರಡು ನಿಮಿಷ ಮಾತಾಡಿ. ನೋಟ್‌ಬುಕ್ ತೆರೆದು ತೋರಿಸಿ: “ನೋಡು, ಐದು ಸಲ ಕೈ ಹಾಕಿದಿ, ಮೂರು ಸಲ ಅವಸರ ಮಾಡಿದಿ. ರೇಡರ್ ತಿರುಗೂ ತನಕ ಕಾಯೋದು ಕಲಿ.” ಅರವತ್ತು ಹುಡುಗರಿದ್ದರೆ ಹೊತ್ತು ಮುಳುಗುತ್ತದೆ, ನಿಜ. ಮೂವರು ಹಂಚಿಕೊಂಡರೆ ಮುಗಿಯುತ್ತದೆ. 13ರಿಂದ 20ನೇ ಸ್ಥಾನದವರ ಹೆಸರನ್ನು, ಈಗ ಶಾಲೆಯ ಹೆಸರಿನ ಜೊತೆಗೇ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಮುಂದಿನ ಟ್ರಯಲ್ಸ್‌ನ ದಿನ ಗೊತ್ತಾದ ಕೂಡಲೇ ಮೊದಲ ಫೋನ್ ಅವರ ಮಾಸ್ತರರಿಗೆ ಹೋಗಲಿ.