ಎಪಿಎಸ್-1: ಒಂದೇ ಮಗುವಿಗೆ ಒಂದರ ಮೇಲೊಂದು ಕಾಯಿಲೆ ಕಂಡಾಗ ಮಾಡಬೇಕಾದುದು

ಬಾಯಿಯಲ್ಲಿ ಬಿಳಿ ಶಿಲೀಂಧ್ರದ ಸೋಂಕು ಪದೇ ಪದೇ ಕಾಣಿಸಿಕೊಂಡ ಮಗುವಿಗೆ ಮುಂದೆ ಬೆರಳುಗಳು ಜೋಮು ಹಿಡಿದು ಸೆಟೆಯುವುದು ಅಥವಾ ಫಿಟ್ಸ್ ಬರುವುದು ಶುರುವಾದರೆ, ಅವೆರಡಕ್ಕೂ ಒಂದೇ ಮೂಲವಿರಬಹುದೇ ಎಂದು ವೈದ್ಯರನ್ನು ನೇರವಾಗಿ ಕೇಳಬೇಕು. ರೋಗನಿರೋಧಕ ಕೋಶಗಳು ಸ್ವಂತ ಅಂಗಗಳ ಮೇಲೆ ದಾಳಿ ಮಾಡದಂತೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಅವುಗಳನ್ನು ಸೋಸಲು ಏರ್ (AIRE) ಎಂಬ ಜೀನ್ ಬೇಕು. 21ನೆಯ ವರ್ಣತಂತುವಿನಲ್ಲಿರುವ ಈ ಜೀನನ್ನು 1997ರಲ್ಲಿ ಗುರುತಿಸಲಾಯಿತು. ಅದು ಕೆಟ್ಟಾಗ ರೋಗನಿರೋಧಕ ಕೋಶಗಳೇ ಹಲವು ಗ್ರಂಥಿಗಳನ್ನು ಹಾಳುಮಾಡುವ ಕಾಯಿಲೆಯೇ ಎಪಿಎಸ್-1 (ಆಟೊಇಮ್ಯೂನ್ ಪಾಲಿಗ್ಲಾಂಡ್ಯುಲರ್ ಸಿಂಡ್ರೋಮ್ ಟೈಪ್ 1).

ಮೊದಲು ರಕ್ತದ ಕ್ಯಾಲ್ಸಿಯಂ, ರಂಜಕ ಮತ್ತು ಕ್ಯಾಲ್ಸಿಯಂ ಮಟ್ಟವನ್ನು ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆ ಮಾಡಿಸಿ. ಕ್ಯಾಲ್ಸಿಯಂ ಕುಸಿದು ಬರುವ ಫಿಟ್ಸ್ ಅನ್ನು ಅಪಸ್ಮಾರವೆಂದೇ ತಿಳಿದು ಮಾತ್ರೆ ಮುಂದುವರಿಸಿದರೆ ಮೂಲ ಕಾರಣ ಹಾಗೆಯೇ ಉಳಿಯುತ್ತದೆ. ಹಲ್ಲಿನ ಎನಾಮಲ್ ಕುಳಿಬಿದ್ದಿರುವುದು, ಕೂದಲು ಉದುರುವುದು, ತೊನ್ನು, ದೀರ್ಘಕಾಲದ ಭೇದಿ ಇವುಗಳನ್ನೂ, ಅವು ಎಷ್ಟೇ ಸಣ್ಣವೆನಿಸಿದರೂ, ಕಂಡ ವಯಸ್ಸಿನೊಂದಿಗೆ ಒಂದೇ ಪುಸ್ತಕದಲ್ಲಿ ಬರೆದಿಟ್ಟು ಪ್ರತಿ ತಜ್ಞರಿಗೂ ತೋರಿಸಿ. ದಂತವೈದ್ಯರು, ಚರ್ಮವೈದ್ಯರು, ನರರೋಗ ತಜ್ಞರು ತಮ್ಮ ತಮ್ಮ ಭಾಗವನ್ನಷ್ಟೇ ನೋಡುವುದರಿಂದ, ಎಲ್ಲವನ್ನೂ ಜೋಡಿಸಿ ತೋರಿಸುವ ಈ ಪುಸ್ತಕಕ್ಕೆ ಬಹಳ ಬೆಲೆಯಿದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ವಿಷಯದಲ್ಲಿ. ತೂಕ ಇಳಿಯುವುದು, ಉಪ್ಪಿನ ಬಯಕೆ, ಚರ್ಮ ಮತ್ತು ಒಸಡು ಕಪ್ಪಾಗುವುದು, ನಿಂತಾಗ ತಲೆಸುತ್ತು ಇವು ಕಂಡರೆ ಕಾರ್ಟಿಸಾಲ್ (ಈ ಗ್ರಂಥಿಯ ಹಾರ್ಮೋನು), ಎಸಿಟಿಎಚ್ (ಈ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು), ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆಗಳನ್ನು ಮುಂದೂಡಬೇಡಿ. ಕಾರ್ಟಿಸಾಲ್ ಕೊರತೆ ತುಂಬಲು ಕೊಡುವ ಸ್ಟೀರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಆರಂಭವಾದ ಮೇಲೆ ಜ್ವರ ಬಂದರೆ ಎಷ್ಟು ಹೆಚ್ಚಿಸಬೇಕು, ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದು ಎಲ್ಲಿ ಸಿಗುತ್ತದೆ ಎಂಬುದನ್ನು ವೈದ್ಯರಿಂದ ಬರೆಯಿಸಿಕೊಂಡು, ಶಾಲೆಗೂ ಒಂದು ಪ್ರತಿ ಕೊಡಿ. ಸ್ಟೀರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಶಿಲೀಂಧ್ರಕ್ಕೆ ಕೊಡುವ ಕೀಟೋಕೊನಜೋಲ್ ಮಾತ್ರೆ ಕಾರ್ಟಿಸಾಲ್ ಉತ್ಪಾದನೆಯನ್ನೇ ತಗ್ಗಿಸುತ್ತದೆ; ಆದ್ದರಿಂದ ಯಾವುದೇ ಹೊಸ ಔಷಧಿಗೆ ಮುನ್ನ ಎಂಡೋಕ್ರೈನ್ (ಹಾರ್ಮೋನು) ತಜ್ಞರನ್ನು ವಿಚಾರಿಸಿ. ಕೆಲವರಲ್ಲಿ ಸೋಂಕು ತಡೆಯಲು ನೆರವಾಗುವ ಗುಲ್ಮವೂ (ಸ್ಪ್ಲೀನ್) ಕೆಲಸ ನಿಲ್ಲಿಸುವುದರಿಂದ ನ್ಯುಮೋಕಾಕಸ್ ಲಸಿಕೆಯ ಬಗ್ಗೆಯೂ ಕೇಳಿ.

ಶಿಲೀಂಧ್ರದ ಸೋಂಕು, ಪ್ಯಾರಾಥೈರಾಯ್ಡ್ ಕೊರತೆ, ಅಡ್ರಿನಲ್ ಕೊರತೆ ಈ ಮೂರರಲ್ಲಿ ಎರಡಿದ್ದರೆ ರೋಗನಿರ್ಣಯಕ್ಕೆ ಸಾಕು. ಜೀನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದೇ ಈ ಜೀನಿನ ದೋಷವಿರುವ ಒಂದು ಪ್ರತಿಯನ್ನು ಹೊತ್ತಿರಬಹುದು, ಆಗ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಸೋದರಮಾವ-ಸೊಸೆಯ ಮದುವೆಯಂತಹ ರಕ್ತಸಂಬಂಧಗಳಲ್ಲಿ ಇಬ್ಬರಲ್ಲೂ ಅದೇ ದೋಷವಿರುವ ಸಂಭವ ಹೆಚ್ಚು. ಇದರಲ್ಲಿ ಯಾರ ತಪ್ಪೂ ಇಲ್ಲ, ತಾಯಿಯನ್ನು ದೂರುವುದಂತೂ ಅನ್ಯಾಯ. ಒಡಹುಟ್ಟಿದವರಲ್ಲಿ ಒಂದೇ ಒಂದು ಲಕ್ಷಣ ಕಂಡರೂ ಅವರನ್ನು ಪರೀಕ್ಷೆಗೆ ಕರೆದೊಯ್ಯಿರಿ.