ನನ್ನ ಅನುಭವ: ಜುಮ್ಲಾದ ಹೆರಿಗೆ ರೂಮಿಗೆ ಒಲೆ ಹಾಕಿಸಿದ್ದು

ನಾನು ತುಮಕೂರು ಕಡೆಯೋಳು, ಸ್ಟಾಫ್ ನರ್ಸ್, ಲೇಬರ್ ವಾರ್ಡಲ್ಲೇ 11 ವರ್ಷ ಸವೆಸಿದೀನಿ. 2018ರಲ್ಲಿ ಒಂದು ಸಂಸ್ಥೆಯವರು ನೇಪಾಳಕ್ಕೆ ಹೋಗ್ತೀರಾ, ಹಳ್ಳಿ ಹೆರಿಗೆ ಕೇಂದ್ರದಲ್ಲಿ ಕೆಲಸ ಮಾಡೋ ಹುಡುಗೀರ ಜೊತೆಗಿದ್ದು ಕೈಹಿಡಿದು ಕಲಿಸ್ಬೇಕು ಅಂದ್ರು. ನಾನು ಕಠ್ಮಂಡು ಅಂದ್ಕೊಂಡು ಹೂಂ ಅಂದ್ಬಿಟ್ಟೆ. ಹಾಕಿದ್ದು ಜುಮ್ಲಾಗೆ.

ಜುಮ್ಲಾ ಅಂದ್ರೆ ಕರ್ನಾಲಿ ಪ್ರಾಂತ್ಯ, ನೇಪಾಳದೋರೇ ಅಯ್ಯೋ ಅಲ್ಲಿಗಾ ಅಂತಾರೆ. ಜಿಲ್ಲಾ ಕೇಂದ್ರ ಖಲಂಗಾನೇ 2,500 ಮೀಟರ್ ಹತ್ರ ಇದೆ, ನಮ್ಮ ಮುಳ್ಳಯ್ಯನಗಿರಿ ತುದಿ 2,000 ಕೂಡ ಮುಟ್ಟಲ್ಲ ಅಂದ್ರೆ ಲೆಕ್ಕ ಹಾಕಿ. ನನಗೆ ಸಿಕ್ಕಿದ ಸ್ವಾಸ್ಥ್ಯ ಚೌಕಿ (ನಮ್ಮ ಪಿಎಚ್‌ಸಿಗಿಂತ ಚಿಕ್ಕದು, ಸಬ್ ಸೆಂಟರ್‌ಗಿಂತ ಒಂಚೂರು ದೊಡ್ಡದು ಅಂದ್ಕೊಳ್ಳಿ) ಅಲ್ಲಿಂದ ಇನ್ನೂ ಒಂದು ದಿನದ ನಡಿಗೆ. ಇಬ್ಬರು ಅನಮಿಗಳು, ಅಂದ್ರೆ ನಮ್ಮ ಎಎನ್‌ಎಂ, ಹೆರಿಗೆ ಮಾಡಿಸೋ ಸಹಾಯಕ ನರ್ಸ್, ಅಲ್ಲಿ ಬಾಯಲ್ಲಿ ಅನಮಿ ಅಂತಲೇ ಕರೆಯೋದು. ಜೊತೆಗೆ ಒಬ್ಬ ಇನ್‌ಚಾರ್ಜ್, ಒಬ್ಬ ಆಫೀಸ್ ಸಹಾಯಕ. ಒಂದು ಹೆರಿಗೆ ರೂಮು. ಕೆಳಗಡೆ ಟೈಲ್ಸ್ ಹಾಕ್ಸಿದ್ರು, ನೋಡೋಕೆ ನೀಟಾಗಿತ್ತು, ನನಗೂ ಖುಷಿಯಾಯ್ತು. ಆ ಟೈಲ್ಸಿನ ಮೇಲೆ ಆಮೇಲೆ ಎಷ್ಟು ಸಿಟ್ಟು ಬಂತೋ ಹೇಳ್ತೀನಿ.

ಹೋದ ಮೊದಲ ತಿಂಗಳು ನಾನೂ ಎಲ್ಲರ ಥರಾನೇ ಮಾತಾಡ್ತಿದ್ದೆ. ಹೆಂಗಸರು ಯಾಕೆ ಬರಲ್ಲ, ತಿಳುವಳಿಕೆ ಇಲ್ಲ, ಮೂಢನಂಬಿಕೆ, ಗೋಠಲ್ಲಿ (ದನದ ಕೊಟ್ಟಿಗೆ) ಹೆರ್ತಾರೆ, ಅತ್ತೆ ಬಿಡಲ್ಲ. ಇದ್ಯಾವುದೂ ಸುಳ್ಳಲ್ಲ. ಹೆತ್ತವಳಿಗೆ 11 ದಿನ ಸೂತಕ, ಮನೆ ಒಳಗೆ ಬಂದ್ರೆ ದೇವರು ಮುನಿಸ್ಕೋತಾನೆ ಅಂತ ಗೋಠಲ್ಲೇ ಇರಿಸೋ ಮನೆಗಳು ಎಷ್ಟೋ. ಮುಟ್ಟಾದವರನ್ನ ಹೊರಗಿಡೋ ಛಾವುಪಡಿ ವಿರುದ್ಧ ಕಾನೂನು ಅದೇ 2018ರ ಆಗಸ್ಟಲ್ಲಿ ಜಾರಿಗೆ ಬಂದಿತ್ತು, 3 ತಿಂಗಳು ಜೈಲು ಇಲ್ಲಾ 3,000 ರೂಪಾಯಿ ದಂಡ, ಆದ್ರೆ ದೇವರಿಗೆ ಕಾನೂನು ಯಾರು ಓದಿ ಹೇಳ್ಬೇಕು. ದುಡ್ಡೂ ಕೊಡ್ತಾರೆ, ಆಮಾ ಸುರಕ್ಷಾ ಅಂತ ಸ್ಕೀಮು, ಹೆರಿಗೆ ಫ್ರೀ, ಮೇಲೆ ಹಿಮಾಲಯದ ಜಿಲ್ಲೆಯಾದ್ರೆ 3,000, ಗುಡ್ಡದ ಜಿಲ್ಲೆಗೆ 2,000, ತರಾಯಿಗೆ, ಅಂದ್ರೆ ಬಯಲಿನ ಜಿಲ್ಲೆಗೆ, 1,000. ನಮ್ಮ ಮಡಿಲು ಕಿಟ್ ಥರಾ ಬಟ್ಟೆ ಚೀಲಾನೂ ಉಂಟು, ಹೆಸರು ನ್ಯಾನೋ ಝೋಲಾ. ನಾನು ಟಾಟಾ ನ್ಯಾನೋ ಥರಾ ಚಿಕ್ಕ ಬ್ಯಾಗು ಅಂದ್ಕೊಂಡಿದ್ದೆ, ನ್ಯಾನೋ ಅಂದ್ರೆ ನೇಪಾಳಿಯಲ್ಲಿ ಬೆಚ್ಚಗಿರೋದು ಅಂತೆ. ಈ ಪದ ನೆನಪಿಟ್ಕೊಳ್ಳಿ.

ಡಿಸೆಂಬರಲ್ಲಿ ಒಂದು ಹೆರಿಗೆ ಆಯ್ತು, ಗಂಡು ಮಗು, 2 ಕೆಜಿ 100 ಗ್ರಾಂ, ಚೆನ್ನಾಗಿ ಅತ್ತಿತ್ತು. ನಾವು ಮಾಮೂಲಿ ಮಾಡೋ ಹಂಗೆ ಒರೆಸಿದ್ವಿ, ತಕ್ಕಡಿ ಮೇಲೆ ಹಾಕಿ ತೂಕ ನೋಡಿದ್ವಿ, ಬಟ್ಟೆ ಸುತ್ತಿ ಪಕ್ಕದ ಟೇಬಲ್ ಮೇಲೆ ಮಲಗಿಸಿ ತಾಯಿಗೆ ಹೊಲಿಗೆ ಹಾಕೋಕೆ ಕೂತ್ವಿ. ಮುಕ್ಕಾಲು ಗಂಟೆ ಆಗಿರ್ಬೋದು. ರಾತ್ರಿ ಮಗು ಮೊಲೆ ಹಿಡೀಲಿಲ್ಲ, ಸುಸ್ತಾಗಿದೆ ಅಂದ್ಕೊಂಡ್ವಿ. ಬೆಳಗ್ಗೆ ಪಾದ ಮುಟ್ಟಿದ್ರೆ ನಲ್ಲಿ ಹಿಡ್ಕೊಂಡಂಗಿತ್ತು, ಬಗಲಲ್ಲಿ ಥರ್ಮಾಮೀಟರ್ ಇಟ್ರೆ 34 ಡಿಗ್ರಿ ಸೆಲ್ಸಿಯಸ್. ಎದೆಗೆ ಕಟ್ಟಿದ್ವಿ, ಹಾಲು ಹಿಂಡಿ ಚಮಚದಲ್ಲಿ ಬಿಟ್ವಿ, ಮಾಡ್ಬೇಕಾದ್ದೆಲ್ಲ ಹಿಂದಿನ ದಿನ ಮಾಡ್ಬೇಕಿತ್ತು. ಮಾರನೇ ದಿನ ಮಧ್ಯಾಹ್ನ ಹೋಗ್ಬಿಡ್ತು. ಗೋಠಲ್ಲಿ ಅಲ್ಲ ಸ್ವಾಮಿ, ನಮ್ಮ ಟೈಲ್ಸ್ ಹಾಕಿದ ರೂಮಲ್ಲಿ, 11 ವರ್ಷ ಅನುಭವದ ನಾನು ನಿಂತಿದ್ದಾಗ.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಬೆಳಗಿನ ಜಾವ 6ಕ್ಕೆ ಎದ್ದು ಆ ರೂಮಿನ ಗೋಡೆಗೆ ಒಂದು ಥರ್ಮಾಮೀಟರ್ ನೇತುಹಾಕಿದೆ. 5 ಡಿಗ್ರಿ. ಹೆರಿಗೆ ಕೋಣೆ 25ಕ್ಕಿಂತ ಕೆಳಗಿರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯವರದ್ದು, ನಾನೇ ಟ್ರೈನಿಂಗಲ್ಲಿ ಬೋರ್ಡ್ ಮೇಲೆ ಬರೆದಿದ್ದೆ, ತುಮಕೂರಲ್ಲಿ ಅದನ್ನ ಯೋಚನೆ ಮಾಡೋ ಅಗತ್ಯಾನೇ ಬಿದ್ದಿರ್ಲಿಲ್ಲ. ಒದ್ದೆ ಮೈಯಲ್ಲಿ ಹುಟ್ಟೋ 2 ಕೆಜಿ ಜೀವಕ್ಕೆ 5 ಡಿಗ್ರಿ ಅಂದ್ರೆ ಫ್ರಿಜ್ಜು.

ರಿಜಿಸ್ಟರ್ ತೆಗೆದ್ರೆ ಪುಸ್, ಮಾಘ್ ತಿಂಗಳ ಹಾಳೆಗಳು ಖಾಲಿ ಖಾಲಿ. ಹಿಮ ಬಿದ್ದು ದಾರಿ ಕಟ್ಟುತ್ತೆ ಅದಕ್ಕೆ ಅಂತ ಇನ್‌ಚಾರ್ಜ್ ಹೇಳಿದ್ರು. ಆದ್ರೆ ಚೌಕಿಯಿಂದ 10 ನಿಮಿಷದ ದೂರದ ಮನೆಯೋರೂ ಬಂದಿರ್ಲಿಲ್ವಲ್ಲ! ಅಲ್ಲಿ ಮಹಿಳಾ ಸ್ವಾಸ್ಥ್ಯ ಸ್ವಯಂಸೇವಿಕಾ ಅಂತ ಇದಾರೆ, ನಮ್ಮ ಆಶಾ ಥರಾ, ಆದ್ರೆ ನಮ್ಮದು ಶುರುವಾಗಿದ್ದು 2005ರಲ್ಲಿ, ಅವರದ್ದು 1988ರಿಂದ ನಡೀತಿದೆ, ದೇಶದಲ್ಲಿ 50,000 ಮೇಲೆ ಇದಾರೆ. ನಮ್ಮೂರಿನ ಸ್ವಯಂಸೇವಿಕಾ ದಿದಿನ ಕರ್ಕೊಂಡು ಅತ್ತೆಯರನ್ನೇ ಹೋಗಿ ಕೇಳಿದೆ. ಸೊಸೆಯರನ್ನ ಕೇಳಿ ಪ್ರಯೋಜನ ಇಲ್ಲ, ಅವರು ತಲೆ ಬಗ್ಗಿಸಿ ನಗ್ತಾರೆ ಅಷ್ಟೇ.

ಒಬ್ಬ ಆಮಾ ತಮಾಖು ಎಳೀತಾ ಹೇಳಿದ್ದು ಇದು: ನಿಮ್ಮ ಮನೆ ಚಿಸೋ. ಚಿಸೋ ಅಂದ್ರೆ ತಣ್ಣಗೆ. ನಮ್ಮ ಗೋಠಲ್ಲಿ ಆರು ದನ ಉಸಿರು ಬಿಡ್ತವೆ, ಹುಲ್ಲಿದೆ, ಬಾಗಿಲಾಚೆ ಬೆಂಕಿ ಇದೆ. ನಿಮ್ಮಲ್ಲಿ ಸುತ್ಕೇರಿಗೆ ಜ್ವಾನೋ ಕಾಯಿಸೋದೆಲ್ಲಿ, ನಾನು ಕೂರೋದೆಲ್ಲಿ?

ಸುತ್ಕೇರಿ ಅಂದ್ರೆ ಬಾಣಂತಿ. ಜ್ವಾನೋ ಅಂದ್ರೆ ನಮ್ಮ ಓಮಿನ ಕಾಳು, ತುಪ್ಪದಲ್ಲಿ ಹುರಿದು ಬಿಸಿ ಬಿಸಿ ಸಾರು ಮಾಡಿ ಕುಡಿಸ್ತಾರೆ. ನನ್ನ ಬಾಣಂತನದಲ್ಲಿ ನಮ್ಮತ್ತೆ ಹಂಡೆ ಒಲೆ ಆರೋಕೆ ಬಿಟ್ಟಿರ್ಲಿಲ್ಲ, ಬೆಳ್ಳುಳ್ಳಿ, ಮೆಣಸು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ. ಅಂಥ ನಮ್ಮತ್ತೆ ಆ ಟೈಲ್ಸ್ ರೂಮು ನೋಡಿದ್ರೆ ನನ್ನನ್ನೂ ವಾಪಸ್ ಎಳ್ಕೊಂಡು ಹೋಗ್ತಿದ್ರು. ಅಲ್ಲಿಂದಾಚೆ ತಿಳುವಳಿಕೆ ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲಿಲ್ಲ.

ಹೀಟರ್‌ಗೆ ಅರ್ಜಿ ಹಾಕಿದ್ವಿ. ಮೇಲಿನ ಆಫೀಸಿಂದ ಬಂತೂ ಬಂತು, 2,000 ವಾಟ್‌ದು, ಕರೆಂಟು ಬರೋದು ಹಳ್ಳದ ನೀರಿಂದ ಓಡೋ ಸಣ್ಣ ಹೈಡಲ್ ಪ್ಲಾಂಟಿಂದ, ಸ್ವಿಚ್ ಹಾಕಿದ್ದೇ ತಡ ಇಡೀ ಊರು ಕತ್ತಲು. ಪ್ಲಾಂಟ್ ನೋಡ್ಕೊಳ್ಳೋನು ಬಂದು ಕೈಮುಗಿದು ದಯವಿಟ್ಟು ದಿದಿ ಅಂದ. ಆ ಹೀಟರ್ ಈಗಲೂ ಬಾಕ್ಸಲ್ಲೇ ಇರ್ಬೇಕು.

ಆಮೇಲೆ ಹೊಳೆದಿದ್ದು ಊರಲ್ಲೇ ಇದ್ದ ಪರಿಹಾರ. ಜುಮ್ಲಾ ಡಿಸೈನ್ ಅಂತ ಒಂದು ಕಬ್ಬಿಣದ ಒಲೆ ಇದೆ, ಹೊಗೆ ಪೈಪಲ್ಲಿ ಮೇಲೆ ಹೋಗುತ್ತೆ, ಪಕ್ಕದಲ್ಲಿ ನೀರು ಕಾಯೋ ಸ್ಟೀಲ್ ಟ್ಯಾಂಕ್ ಅಂಟ್ಕೊಂಡಿರುತ್ತೆ. ಅಲ್ಲಿ ಮನೆಯೊಳಗೇ ಬೆಂಕಿ, ಬೆಳಕಿಗೂ ಝರ್ರೋ ಅಂತ ಅಂಟು ಇರೋ ಪೈನ್ ಸೀಳು ಉರಿಸ್ತಿದ್ರು, ಮಕ್ಕಳೆಲ್ಲ ಕೆಮ್ಮು ಕೆಮ್ಮು, ಅದಕ್ಕೋಸ್ಕರ ಬಂದ ಒಲೆ ಇದು. ಚೌಕಿ ಸಮಿತಿ ಮೀಟಿಂಗಲ್ಲಿ ಕೇಳಿದ್ವಿ, ವಾರ್ಡ್ ಅಧ್ಯಕ್ಷರು ಒಲೆ ದುಡ್ಡಿಗೆ ಒಪ್ಪಿದ್ರು, ಸೌದೆ ಯಾರು ಕೊಡ್ತಾರೆ ಅಂದಾಗ ಎಲ್ಲ ಸೈಲೆಂಟು. ಆಗ ಅದೇ ತಮಾಖು ಆಮಾ, ಬಸುರಿ ಇರೋ ಮನೆಯಿಂದ ಎರಡು ಭಾರಿ, ಇಲ್ಲದ ಮನೆಯಿಂದ ಒಂದು ಅಂತ ತೀರ್ಪು ಕೊಟ್ಟೇಬಿಟ್ಲು. ಭಾರಿ ಅಂದ್ರೆ ಹಣೆಗೆ ನಾಮ್ಲೋ ಪಟ್ಟಿ ಹಾಕ್ಕೊಂಡು ಬೆನ್ನಲ್ಲಿ ಹೊರೋ ಒಂದು ಹೊರೆ.

ಇದನ್ನ ಮಾಡೋಕೆ ಹೋಗೋರಿಗೆ ಒಂದು ಮಾತು. ಒಲೇನ ಹೆರಿಗೆ ರೂಮೊಳಗೇ ಇಡಬೇಡಿ. ಸ್ಪಿರಿಟ್ ಇರುತ್ತೆ, ಆಕ್ಸಿಜನ್ ಸಿಲಿಂಡರ್ ಇರುತ್ತೆ. ನಾವು ಒಲೆ ಇಟ್ಟಿದ್ದು ಮುಂದಿನ ರೂಮಲ್ಲಿ, ಅದೇ ಅತ್ತೆಯರು ಕೂರೋ ಜಾಗ ಜ್ವಾನೋ ಕಾಯಿಸೋ ಜಾಗ ಎರಡೂ ಆಯ್ತು, ಹೊಗೆ ಪೈಪನ್ನ ಗೋಡೆ ಕೊರೆದು ಹೆರಿಗೆ ರೂಮಿನ ಮೂಲಕ ಹಾಯಿಸಿ ಮಾಳಿಗೆ ಮೇಲೆ ಬಿಟ್ವಿ. ಪೈಪಿನ ಬಿಸೀಗೇ ರೂಮು 22, ಒಳ್ಳೇ ದಿನ 23. 25 ಯಾವತ್ತೂ ಮುಟ್ಟಲಿಲ್ಲ. ಜಾಯಿಂಟಿಗೆ ಮೊದಲ ಸಲ ಮಣ್ಣು ಮೆತ್ತಿದ್ದು ಬಿರುಕುಬಿಟ್ಟು ಹೊಗೆ ಒಳಗೆ ಬಂತು, ಬಿಚ್ಚಿ ಮತ್ತೆ ಹಾಕಿದ್ವಿ. ಮಣ್ಣಿನ ಮಾಳಿಗೆ ಬೇರೆ, ಹಿಮ ಕರಗಿದಾಗ ಪೈಪಿನ ಪಕ್ಕದಿಂದ ಸೋರೋದು, ಅದಕ್ಕೆ ಬಕೆಟ್ಟೇ ಗತಿ.

ಔಷಧಿ ವಿಷಯದಲ್ಲೂ ನನ್ನ ತಲೆ ತಿರುಗಿತ್ತು. ಆಕ್ಸಿಟೋಸಿನ್ ಇಂಜೆಕ್ಷನ್ ಅಂದ್ರೆ ಹೆತ್ತ ತಕ್ಷಣ ಕೊಡೋದು, ರಕ್ತ ನಿಲ್ಲೋಕೆ, 2ರಿಂದ 8 ಡಿಗ್ರಿಯಲ್ಲಿಡಿ ಅಂತ ಓದ್ಕೊಂಡಿದ್ದೀವಿ. ಬಿಸಿಯಾಗಬಾರದು ಅಂತ ಜೀವಮಾನವೆಲ್ಲ ಕಾವಲು ಕಾಯ್ದೋಳು ಇಲ್ಲಿ ಹೆಪ್ಪುಗಟ್ಟದಂಗೆ ಕಾಯ್ಬೇಕಾಯ್ತು. ಲಸಿಕೆ ಒಯ್ಯೋ ಡಬ್ಬಿಗೆ ಐಸ್ ಬದಲು ಸಾದಾ ನೀರಿನ ಬಾಟ್ಲು ಇಟ್ಟು, ಉಣ್ಣೆ ಬಟ್ಟೆ ಸುತ್ತಿ, ರಾತ್ರಿ ಒಳಗಿನ ರೂಮಲ್ಲಿಡ್ತಿದ್ವಿ.

ಒಲೆ ಬಂದ ಮೇಲೆ ನಮ್ಮ ಕ್ರಮಾನೂ ಬದಲಾಯ್ತು. ಟವಲ್ಲು ಎರಡು, ಪೈಪಿನ ಹತ್ರ ಮೊದಲೇ ಬಿಸಿಯಾಗಿರ್ಬೇಕು. ಒಂದರಲ್ಲಿ ಒರೆಸಿ ಅದನ್ನ ಬಿಸಾಕಿ, ಒದ್ದೆ ಬಟ್ಟೇಲೇ ಸುತ್ತಬಾರದು, ಮಗು ಸೀದಾ ತಾಯಿ ಎದೆ ಮೇಲೆ, ಬರೀ ಮೈಗೆ ಬರೀ ಮೈ, ಮೇಲೆ ಎರಡನೇ ಟವಲ್ಲು, ತಲೆಗೆ ಟೋಪಿ. ತೂಕ ಒಂದು ಗಂಟೆ ಆದ್ಮೇಲೆ, ಸ್ನಾನ 24 ಗಂಟೆ ಆದ್ಮೇಲೆ. ಹೊಕ್ಕಳಿಗೆ ಅಲ್ಲಿ ಸಾಸಿವೆ ಎಣ್ಣೆ, ಅರಿಶಿನ, ಕೆಲವು ಕಡೆ ಬೂದಿ ಹಚ್ಚೋರು. ಏನೂ ಹಚ್ಚಬೇಡಿ ಅಂದ್ರೆ ಯಾವ ಅಜ್ಜಿಯೂ ಕೇಳಲ್ಲ, ನಮ್ಮೂರಲ್ಲೂ ಕೇಳಲ್ಲ. ನೇಪಾಳದೋರ ಬುದ್ಧಿವಂತಿಕೆ ನೋಡಿ, ನಾಭಿ ಮಲಮ್ ಅಂತ ಕ್ಲೋರ್‌ಹೆಕ್ಸಿಡಿನ್ ಜೆಲ್ ಟ್ಯೂಬ್ ಕೊಡ್ತಾರೆ, ಬಳ್ಳಿ ಕತ್ತರಿಸಿದ ಕೂಡ್ಲೇ ಇದನ್ನೇ ಹಚ್ಚಿ ಅಂತ. ಹಚ್ಚೋ ಆಸೆ ಅಜ್ಜಿಗೂ ತೀರುತ್ತೆ, ಮಗುಗೂ ನಂಜಾಗಲ್ಲ.

ಎರಡನೇ ಚಳಿಗಾಲದ ಒಂದು ರಾತ್ರಿ ಹೇಳ್ಬೇಕು. ಹತ್ತೊಂಬತ್ತರ ಹುಡುಗಿ, ಮೊದಲ ಹೆರಿಗೆ, ಗಂಡ ಕಾಲಾಪಹಾಡಕ್ಕೆ ಹೋಗಿದ್ದ, ಅಂದ್ರೆ ದುಡಿಯೋಕೆ ಇಂಡಿಯಾಗೆ, ಆ ಕಡೆ ಗಂಡಸರಲ್ಲಿ ಎಷ್ಟೋ ಜನ ಹಂಗೇ. ಹೆಣ್ಣು ಮಗು ಹುಟ್ತು, ಇಂಜೆಕ್ಷನ್ ಕೊಟ್ವಿ, ಅರ್ಧ ಗಂಟೆ ಆದ್ರೂ ಕಸ (ಮಾಸು) ಬೀಳ್ಲಿಲ್ಲ, ಅಲ್ಲಿ ಸಾಲ್ ಅಡ್ಕ್ಯೋ ಅಂತಾರೆ, ಆ ಮಾತು ಕೇಳಿದ್ರೆ ಇಡೀ ಮನೆ ಬಿಳಚ್ಕೊಳುತ್ತೆ. ರಕ್ತ ಜಾಸ್ತಿ ಆಗ್ತಿತ್ತು. ಸರ್ಕಾರದ ಹೆಲಿಕಾಪ್ಟರ್ ವ್ಯವಸ್ಥೆ ಆಗಷ್ಟೇ ಶುರುವಾಗಿತ್ತು, ಆದ್ರೆ ರಾತ್ರಿ 1 ಗಂಟೇಲಿ ಯಾವ ಹೆಲಿಕಾಪ್ಟರು. ಸ್ಟ್ರೆಚರಲ್ಲಿ ಹೊತ್ಕೊಂಡು ಹೊರಡಬೇಕಂದ್ರೆ ಎಂಟು ಜನ ಗಂಡಸರು ಬೇಕು, ಮನೆಯೋರ ಒಪ್ಪಿಗೆ ಬೇಕು. ಅತ್ತೆ ಮಗನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಲು. ನಾನು ಇಂಡಿಯಾದೋಳು, ಕರ್ನಾಟಕ ಅಂದೆ, ಆ ಕಡೆಯಿಂದ ಸ್ವಚ್ಛ ಕನ್ನಡದಲ್ಲಿ "ನಮಸ್ಕಾರ ಮೇಡಂ, ಊಟ ಆಯ್ತಾ?" ಬೆಂಗಳೂರಲ್ಲಿ ಯಾವುದೋ ಅಪಾರ್ಟ್‌ಮೆಂಟ್ ಸೆಕ್ಯೂರಿಟಿ, ನೈಟ್ ಡ್ಯೂಟಿಯಲ್ಲಿದ್ದ. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ, ಕನ್ನಡದಲ್ಲೇ ಎಲ್ಲ ಹೇಳ್ದೆ, ಅವನು "ಏನ್ ಬೇಕಾದ್ರೂ ಮಾಡಿ ಮೇಡಂ, ಅಮ್ಮಂಗೆ ನಾನ್ ಹೇಳ್ತೀನಿ" ಅಂದ.

ಅಷ್ಟರಲ್ಲಿ ಚಿಕ್ಕ ಅನಮಿ ಹುಡುಗಿ ಹೊಟ್ಟೆ ಮುಟ್ಟಿ ನೋಡಿ ದಿದಿ ಮೂತ್ರ ಕಟ್ಟಿದೆ ಅಂದ್ಲು. ಮೂತ್ರ ತುಂಬ್ಕೊಂಡಿದ್ರೆ ಕಸ ಬೀಳೋಕೆ ಅಡ್ಡ ಆಗುತ್ತೆ, ನಾನೇ ಕಲಿಸಿದ ಪಾಠ, ಗಾಬರೀಲಿ ನಾನೇ ಮರೆತಿದ್ದೆ. ಟಾಯ್ಲೆಟ್ ಹೊರಗಡೆ, ಹಿಮದಲ್ಲಿ, ಚಳಿಗೆ ಹೆದರಿ ಆ ಹುಡುಗಿ ಸಾಯಂಕಾಲದಿಂದ ಹೋಗೇ ಇರ್ಲಿಲ್ಲ. ಕ್ಯಾಥೆಟರ್ ಹಾಕಿದ್ರೆ ಅರ್ಧ ಬೇಸಿನ್ ತುಂಬ್ತು. ಇನ್ನೊಂದು ಆಕ್ಸಿಟೋಸಿನ್ ಕೊಟ್ಟು, ಹೊಟ್ಟೆ ಮೇಲೆ ಕೈ ಒತ್ತಿ ಹಿಡಿದು ಮೆತ್ತಗೆ ಬಳ್ಳಿ ಎಳೆದ್ರೆ ಪೂರ್ತಿ ಕಸ ಬಂತು.

ಆದ್ರೆ ಮಗು? ತಾಯಿ ಎದೆ ಮೇಲೆ ಇಡೋ ಸ್ಥಿತಿ ಇರ್ಲಿಲ್ಲ, ನಮ್ಮ ನಾಲ್ಕು ಕೈಯೂ ರಕ್ತ. ಅತ್ತೆ ಬಾಗಿಲಲ್ಲೇ ನಿಂತಿದ್ಲು, ಸೂತಕ, 11 ದಿನ ಮುಟ್ಟೋ ಹಂಗಿಲ್ಲ. ನಾನು ಜೋರಾಗಿ ಆಮಾ ಅಂದೆ, ಅಷ್ಟೇ ಅಂದಿದ್ದು. ಒಂದು ನಿಮಿಷ ಒಲೆ ಕಡೆ ನೋಡಿದ್ಲು, ಬಂದ್ಲು, ಚೌಬಂದಿ ಚೋಲೋ (ದಾರ ಕಟ್ಟೋ ಅಲ್ಲಿನ ರವಿಕೆ) ಕಟ್ಟು ಬಿಚ್ಚಿ ಮಗೂನ ಎದೆಗೆ ಹಾಕ್ಕೊಂಡು, ಸೊಂಟದ ಪಟುಕಾ ಬಿಚ್ಚಿ, ಅದು ಉದ್ದನೆ ಬಟ್ಟೆ, ಐದಾರು ಸುತ್ತು ಬರುತ್ತೆ, ಅದರಲ್ಲಿ ಮಗು ಸಮೇತ ತನ್ನನ್ನೇ ಸುತ್ಕೊಂಡು ಒಲೆ ಮುಂದೆ ಕೂತ್ಲು. ನಾವು ಟ್ರೈನಿಂಗಿಗೆ ಅಂತ ಮಗೂನ ಎದೆಗೆ ಕಟ್ಟೋ ದುಬಾರಿ ಬೈಂಡರ್ ತರಿಸಿದ್ವಿ, ಇದರ ಮುಂದೆ ಅದು ಏನೂ ಅಲ್ಲ. ಬೆಳಗ್ಗೆ ಮಗು ಮೈ ಬೆಚ್ಚಗೆ 36.8 ಡಿಗ್ರಿ ಇತ್ತು. ಆಮೇಲಿಂದ ಬರೋ ಎಲ್ಲಾ ಅಜ್ಜಿಯರಿಗೂ ಪಟುಕಾ ಉಟ್ಕೊಂಡೇ ಬನ್ನಿ ಅಂತ ಸ್ವಯಂಸೇವಿಕಾ ದಿದಿ ಮೊದಲೇ ಹೇಳಿ ಕಳಿಸೋಳು. ಎಲ್ಲರೂ ಒಪ್ಪಿದ್ರು ಅಂತಿಲ್ಲ, ಸೂತಕ ಅಂತ ಬಾಗಿಲಾಚೆನೇ ಕೂತೋರು ಜಾಸ್ತಿ.

ಲೆಕ್ಕ ಬೇಕಂದ್ರೆ, ನೇಪಾಳ ದೊಡ್ಡ ದಾರಿ ಬಂದಿದೆ. 1996ರ ಸರ್ವೆಯಲ್ಲಿ ಲಕ್ಷ ಹೆರಿಗೆಗೆ 539 ತಾಯಂದಿರು ಸಾಯ್ತಿದ್ರು, 2021ರ ಜನಗಣತಿ ಲೆಕ್ಕದಲ್ಲಿ ಅದು 151. ಆಸ್ಪತ್ರೆ ಹೆರಿಗೆ 2016ರಲ್ಲಿ 57 ಪರ್ಸೆಂಟ್, 2022ರಲ್ಲಿ 79. ಆದ್ರೆ 28 ದಿನದೊಳಗೆ ಸಾಯೋ ಶಿಶುಗಳು 2016ರಲ್ಲೂ ಸಾವಿರಕ್ಕೆ 21, 2022ರಲ್ಲೂ 21. ಜನ ಬಂದ್ರು, ಆ ನಂಬರ್ ಅಲ್ಲಾಡಲಿಲ್ಲ. ಕಾರಣ ಹತ್ತಾರು ಇರ್ತವೆ, ಎಲ್ಲಾ ಚಳಿ ಅಂತ ನಾನು ಹೇಳಲ್ಲ, ಆದ್ರೆ ಆ ಅಂಕಿ ಓದಿದಾಗೆಲ್ಲ ನನಗೆ ಕಾಣೋದು ಟೈಲ್ಸು, ಅದರ ಮೇಲಿನ ಟೇಬಲ್ಲು.

ಈಗ ವಾಪಸ್ ಬಂದು ನಮ್ಮ ಕಡೇನೇ ಡ್ಯೂಟಿ. ಲೇಬರ್ ರೂಮಿಗೆ ಹೊಸ ಏಸಿ ಹಾಕ್ಸಿದಾರೆ, 18ಕ್ಕಿಟ್ಟಿರ್ತಾರೆ, ಗೌನ್ ಹಾಕ್ಕೊಂಡ್ರೆ ಸೆಕೆ ಅಂತೆ. ತಲೆ ಕಾಣಿಸಿಕೊಂಡ ತಕ್ಷಣ ನಾನು ಆಫ್ ಮಾಡ್ತೀನಿ. ಮೊನ್ನೆ ಡಾಕ್ಟ್ರು ರಿಮೋಟ್ ಎಲ್ಲಿ ಸಿಸ್ಟರ್ ಅಂತ ಹುಡುಕ್ತಿದ್ರು, ಸಿಕ್ತಿಲ್ಲ ಸರ್ ಅಂದೆ, ನನ್ನ ಏಪ್ರನ್ ಜೇಬಲ್ಲೇ ಇತ್ತು.